ಸೋಮವಾರದ ತಪಾಸಣೆ

ನಮ್ಮ ಜಿಲ್ಲೆಯಲ್ಲಿ ವಿಮಾನ ಇಳಿಯುವುದಿಲ್ಲ. ಮೇಲಿಂದ ಹಾದುಹೋಗುತ್ತದೆ, ಅಷ್ಟೇ. ಆದರೂ ವಿಮಾನ ಹತ್ತುವ ಮಾತೆತ್ತಿದವನಿಗೆ ಶಹಾಪುರ, ಸುರಪುರದಲ್ಲಿ ಸಿಗುವಷ್ಟು ತಾಂತ್ರಿಕ ಸಲಹೆ ಬೇರೆಲ್ಲೂ ಸಿಗಲಾರದು. ನನಗಂತೂ ಇಂಥ ಪ್ರಸಂಗಗಳು ತಪ್ಪಿದ್ದೇ ಇಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹೀಗಾಗಿ ಜಗತ್ತಿನಲ್ಲಿ ಏನೇ ಬಿದ್ದರೂ ನಾನೇ ಉತ್ತರ ಹೇಳಬೇಕು.

ಆ ವಾರ ಟಿ.ವಿ.ಯಲ್ಲಿ ಒಂದೇ ಸುದ್ದಿ. ಎಲ್ಲೋ ಹೊರದೇಶದಲ್ಲಿ ಹಾರುತ್ತಿದ್ದ ವಿಮಾನದ ಗೋಡೆಯ ತುಂಡೊಂದು ಕಿತ್ತುಹೋಗಿತ್ತು. ಕಾರ್ಖಾನೆಯಲ್ಲಿ ಬೋಲ್ಟ್ ಹಾಕುವುದನ್ನೇ ಮರೆತಿದ್ದರಂತೆ. ಅದೇ ವಾರ ದೆಹಲಿಯಿಂದ ತಂಗಿಯ ಫೋನು ಬಂತು. ಅವಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಹೃದಯದ ಕವಾಟ ಕೆಟ್ಟಿತ್ತು, ಹೊಸದು ಹಾಕಬೇಕಿತ್ತು. ಬರುವ ಬುಧವಾರ ಆಪರೇಷನ್. ಗಂಡ ಗಡಿಯಲ್ಲಿ ಸೈನಿಕ, ರಜೆ ಸಿಕ್ಕಿರಲಿಲ್ಲ. ಅವ್ವ ಇಲ್ಲ.

"ಅಣ್ಣ, ನೀ ಒಬ್ಬನ ಬಂದ್ರ ಆಗಂಗಿಲ್ಲ," ಎಂದಳು. "ಒಪ್ಪಿಗಿ ಕಾಗದದ ಮ್ಯಾಲ ಅಪ್ಪನ ಸಹಿ ಬೇಕು. ಅಂವ ಬರಲಿಲ್ಲಂದ್ರ ನಾ ಆಪರೇಷನ್ ಮಾಡಿಸ್ಕೊಳ್ಳಂಗಿಲ್ಲ."

ರೈಲಿನಲ್ಲಿ ಸೀಟು ಇರಲಿಲ್ಲ. ಉಳಿದದ್ದು ಹೈದರಾಬಾದಿನಿಂದ ವಿಮಾನ.

ಉಳಿದ ಬೋಲ್ಟು

ವಿಮಾನದಲ್ಲಿ ಹೋಗುತ್ತೇವೆಂದು ಶಹಾಪುರದ ಹೋಟೆಲಿನಲ್ಲಿ ಬಾಯಿಬಿಟ್ಟೆ. ಅದು ನನ್ನದೇ ತಪ್ಪು.

"ಸರ್, ಬೋಲ್ಟ್ ಹಾಕಲಾರ್ದ ವಿಮಾನ ಹೊರಗ ಹ್ಯಾಂಗ ಬಿಟ್ರು?" ಹೋಟೆಲಿನವನು ಕೇಳಿದ.

"ಅಂಥದ್ದು ಬಹಳ ಅಪರೂಪ," ಎಂದೆ.

"ಅಪರೂಪ ಅಂದ್ರ ಆಗ್ತದ ಅಂತ ಆತಲ್ರಿ."

ಆಗುತ್ತದೆ. ನಾನು ಚಹಾ ಕುಡಿದೆ.

ಪಕ್ಕದ ಬೆಂಚಿನಲ್ಲಿದ್ದ ಮೋಟರ್ ರಿಪೇರಿಯವನು ನನ್ನ ನೆರವಿಗೆ ಬಂದ. "ಅದ್ರಾಗ ಹೆದರೂದೇನದರಿ? ನಾ ಎಷ್ಟು ಮೋಟರ್ ಬಿಚ್ಚಿ ಜೋಡಿಸೀನಿ. ಪ್ರತಿ ಸಲ ಎರಡು ಮೂರು ಬೋಲ್ಟ್ ಉಳದೇ ಉಳೀತಾವ. ಕಂಪನಿಯವ್ರು ಸುಮ್ ಸುಮ್ನ ಹೆಚ್ಚಿಗಿ ಹಾಕಿರ್ತಾರ."

"ಉಳಿದದ್ದನ್ನ ಏನು ಮಾಡ್ತಿ?"

"ಡಬ್ಬ್ಯಾಗ ಹಾಕ್ತೀನ್ರಿ. ಒಂದು ಡಬ್ಬಿ ತುಂಬ್ಯಾದ, ಈಗ ಎರಡನೇದು ನಡದದ."

ಮೂಲೆಯಲ್ಲಿದ್ದ ಹಿಟ್ಟಿನ ಗಿರಣಿಯವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಅವನ ಗಿರಣಿಯ ಮೋಟರ್ ಹಿಂದಿನ ದಿನವಷ್ಟೇ ರಿಪೇರಿಯಾಗಿತ್ತು. ಈ ಹೊತ್ತಿನಲ್ಲಿ ಅದರ ಪಕ್ಕ ನಿಂತು ಜೋಳ ಬೀಸುತ್ತಿದ್ದವಳು ಅವನ ಹೆಂಡತಿ.

ಊರೂರು ತಿರುಗುವ ದೂರದರ್ಶಕ

ರಜೆ ಕೇಳಲು ಪ್ರಿನ್ಸಿಪಾಲರ ಹತ್ತಿರ ಹೋದೆ. ನಮ್ಮದು ಖಾಸಗಿ ಕಾಲೇಜು. ಶನಿವಾರ ತಪಾಸಣಾ ಸಮಿತಿ ಬರುವುದಿತ್ತು.

"ಶನಿವಾರ ಒಂದು ದಾಟಲಿ. ಆಮ್ಯಾಲ ವಿಮಾನದಾಗರೆ ಹೋಗ್ರಿ, ರಾಕೆಟ್‌ನಾಗರೆ ಹೋಗ್ರಿ," ಎಂದರು.

ಸಮಿತಿ ಬಂದಾಗ ನಮ್ಮ ಪ್ರಯೋಗಾಲಯಕ್ಕೆ ಅರ್ಧ ಸಾಮಾನು ಪಕ್ಕದ ಊರಿನ ಕಾಲೇಜಿನಿಂದ ಬರುತ್ತದೆ. ಅವರಲ್ಲಿಗೆ ಸಮಿತಿ ಹೋದಾಗ ನಮ್ಮದು ಅಲ್ಲಿಗೆ ಹೋಗುತ್ತದೆ. ನಮ್ಮದೇ ಸ್ವಂತದ್ದು ಒಂದು ತಕ್ಕಡಿ ಇದೆ. ಅದರ ಮುಳ್ಳು ಅಲುಗುವುದಿಲ್ಲ. ಅದರಲ್ಲಿ ಗಟ್ಟಿಯಾಗಿರುವುದು 'ಪರೀಕ್ಷಿಸಲಾಗಿದೆ' ಎಂಬ ಚೀಟಿಯೊಂದೇ.

ಸಮಿತಿಯ ಹಿರಿಯರು ದೂರದರ್ಶಕದ ಮುಂದೆ ನಿಂತರು. ಬಗ್ಗಿ ನೋಡಿದರು. "ಇದನ್ನ ನಾ ಹೋದ ವಾರ ಬ್ಯಾರೆ ಕಾಲೇಜಿನಾಗ ನೋಡೀನಲ್ರಿ? ಈ ಗೀರು ಅಲ್ಲೂ ಇತ್ತು."

ಪ್ರಿನ್ಸಿಪಾಲರ ಮುಖ ಬಿಳುಚಿತು.

"ಹೌದ್ರಿ ಸರ್," ಎಂದ ನಮ್ಮ ಜವಾನ. "ಅಲ್ಲಿ ನೀವು ಭಾಳ ಚಲೋ ಅದ ಅಂತ ಬರದಿದ್ರಂತ. ಅದಕ್ಕ ತಂದೀವ್ರಿ."

ಹಿರಿಯರು ಒಂದು ಕ್ಷಣ ಯೋಚಿಸಿ ಸಹಿ ಹಾಕಿದರು. ನನಗೆ ರಜೆ ಸಿಕ್ಕಿತು. ವಿಮಾನ ಕಾರ್ಖಾನೆಗೆ ಹೋಗುವ ತಪಾಸಣೆಯವರ ಬಗ್ಗೆ ಅಲ್ಲಿಯವರೆಗೆ ಇದ್ದ ಚೂರುಪಾರು ನಂಬಿಕೆ ಹೋಯಿತು.

ಗೋಡೆಯ ಮೇಲಿನ ಪ್ರಶಸ್ತಿ

ಅಪ್ಪ ಸುರಪುರದಲ್ಲಿ ಒಬ್ಬನೇ ಇರುತ್ತಾನೆ. ಬಸ್ ಡಿಪೋ ಒಂದರಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಶನಿವಾರ ಸಂಜೆ ಹೋಗಿ ವಿಷಯ ಹೇಳಿದೆ. ಮಗಳ ಆಪರೇಷನ್ ಎಂದಾಗ ಎದ್ದು ಅಂಗಿ ಹಾಕಿಕೊಂಡ. ವಿಮಾನ ಎಂದಾಗ ಬಿಚ್ಚಿ ಗೂಟಕ್ಕೆ ಹಾಕಿದ.

"ರಸ್ತೆಗಿಂತ ವಿಮಾನ ಸುರಕ್ಷಿತ," ಎಂದೆ.

"ಯಾರಂದ್ರು?"

"ಲೆಕ್ಕ ಇದೆ."

"ಆ ಲೆಕ್ಕದ ಬುಡಕ ಸಹಿ ಯಾರದು, ಮಾಸ್ತರ?"

ಆಮೇಲೆ ಹೇಳಿದ. ದಿನಾ ಮುಂಜಾನೆ ಬಸ್ಸು ಹೊರಡುವ ಮುಂಚೆ ಬ್ರೇಕು, ಸ್ಟೀರಿಂಗು, ಗಾಲಿಯ ನಟ್ಟು ಎಲ್ಲ ನೋಡಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಬಸ್ಸು ಬಹಳ, ಕೈ ಕಡಿಮೆ. "ಸೋಮವಾರ ಖರೇನ ನೋಡ್ತಿದ್ದೆ. ಒಂದೊಂದು ನಟ್ ಕೈಲೆ ಮುಟ್ಟಿ ನೋಡ್ತಿದ್ದೆ. ನೋಡಿ, ಇಡೀ ವಾರದ ಸಹಿ ಅವತ್ತ ಹಾಕಿಬಿಡ್ತಿದ್ದೆ."

"ಏನೂ ಆಗಲಿಲ್ಲವೇ?"

"ಆಗ್ಯಾದ."

ಒಂದು ಗುರುವಾರ ಶಿರವಾಳದ ಹತ್ತಿರ ಬಸ್ಸಿನ ಹಿಂದಿನ ಗಾಲಿ ಕಳಚಿತು. ಬಸ್ಸು ಬದುವಿಗೆ ಒರಗಿ ನಿಂತಿತು. ಯಾರೂ ಸಾಯಲಿಲ್ಲ. ಒಬ್ಬ ಮುದುಕಿಯ ಕೈ ಮುರಿಯಿತು, ಮತ್ತೆ ಸರಿಯಾಗಿ ಕೂಡಲಿಲ್ಲ. ಅವತ್ತೇ ವಿಚಾರಣೆಗೆ ಬಂದ ಸಾಹೇಬರು ರಿಜಿಸ್ಟರ್ ತರಿಸಿದರು. ಗುರುವಾರದ ಸಹಿ ಇತ್ತು. ಶುಕ್ರವಾರ, ಶನಿವಾರದ್ದೂ ಇತ್ತು. ಸಾಹೇಬರು ಅಷ್ಟು ದೂರ ನೋಡಲಿಲ್ಲ. ತಪ್ಪೆಲ್ಲ ಗಾಲಿಯದೆಂದು ಬರೆದು ಹೋದರು.

"ಮುಂದಿನ ವರ್ಷ ಅದನ್ನ ಕೊಟ್ರು," ಎಂದು ಅಪ್ಪ ಗೋಡೆ ತೋರಿಸಿದ.

ಅಚ್ಚುಕಟ್ಟಾಗಿ ರಿಜಿಸ್ಟರ್ ಇಟ್ಟಿದ್ದಕ್ಕಾಗಿ ಪ್ರಶಂಸಾ ಪತ್ರ. ಕಟ್ಟು ಹಾಕಿಸಿದ್ದಾನೆ. ನಾನು, ತಂಗಿ ಅದರ ಕೆಳಗೇ ಕೂತು ಓದಿ ದೊಡ್ಡವರಾದೆವು.

ಆಮೇಲೆ ಅಪ್ಪ ಮತ್ತೆ ಅಂಗಿ ಹಾಕಿಕೊಂಡ. "ಸೋಮವಾರದ ವಿಮಾನ ಇದ್ರ ಬರ್ತೀನಿ."

ಯಾರೋ ನೋಡ್ಯಾನ

ಸೋಮವಾರ ಯಾದಗಿರಿ, ಗುರುಮಠಕಲ್ ದಾಟಿ ಕಾರಿನಲ್ಲಿ ಹೈದರಾಬಾದ್ ಸೇರಿದೆವು. ವಿಮಾನ ನಿಲ್ದಾಣದಲ್ಲಿ ಎರಡು ತಾಸು ಕೂತಮೇಲೆ ಘೋಷಣೆಯಾಯಿತು. ಜನ ಕೌಂಟರಿಗೆ ಮುಗಿಬಿದ್ದು ಬೈಯತೊಡಗಿದರು.

"ಏನಂತ?" ಎಂದ ಅಪ್ಪ.

"ವಿಮಾನದಲ್ಲಿ ಏನೋ ದೋಷ ಸಿಕ್ಕಿದೆಯಂತೆ. ನಾಳೆ ಮುಂಜಾನೆ ಬೇರೆ ವಿಮಾನ." ಮಂಗಳವಾರ ಎಂದು ಹೇಳುವ ಧೈರ್ಯವಾಗಲಿಲ್ಲ.

"ಹಾರೂಕಿಂತ ಮೊದ್ಲ ಸಿಕ್ತೇನು?"

"ಹೌದು."

ಅಪ್ಪ ಎದ್ದು ನಿಂತ. "ಯಾರೋ ನೋಡ್ಯಾನ! ಲೇ ಮಾಸ್ತರ, ಯಾರೋ ಖರೇನ ಕೈ ಹಚ್ಚಿ ನೋಡ್ಯಾನ!"

ಬೈಗುಳ ತಿನ್ನುತ್ತಿದ್ದ ಕೌಂಟರಿನ ಹುಡುಗಿಯ ಹತ್ತಿರ ಹೋಗಿ ಕೈ ಮುಗಿದ. "ತಂಗಿ, ಆ ಮಿಸ್ತ್ರಿಗಿ ನನ್ನ ಸಲಾಂ ಹೇಳವ್ವ." ಅವಳಿಗೆ ಕನ್ನಡ ಬಾರದು. ಇವನೂ ಬೈಯುತ್ತಿದ್ದಾನೆಂದು ತಿಳಿದು ದೂರಿನ ಫಾರಂ ಕೊಟ್ಟಳು. ಅಪ್ಪ ನನ್ನಿಂದ ಅದನ್ನು ತುಂಬಿಸಿದ. ದೂರಿನ ವಿವರ ಎಂಬಲ್ಲಿ 'ಕೆಲಸ ಬರೋಬರಿ ಆಗ್ಯಾದ' ಎಂದು ಬರೆಸಿ ಸಹಿ ಹಾಕಿದ.

ಮರುದಿನದ ವಿಮಾನ ಸರಿಯಾದ ವೇಳೆಗೆ ಹೊರಟಿತು. ಎಲ್ಲರಿಗೂ ಖುಷಿ. ಅಪ್ಪನ ಮುಖ ಬಾಡಿತು.

"ಒಂದು ದೋಷಾನೂ ಸಿಗಲಿಲ್ಲೇನು?"

"ಇಲ್ಲ."

"ಮಂಗಳವಾರ," ಎಂದ. ಅಷ್ಟೇ.

ಮುಂದಿನ ಸೀಟಿನ ಬೆನ್ನಿಗಿದ್ದ ಊಟದ ಹಲಗೆಯ ತಿರುಪು ಸಡಿಲಿತ್ತು. ಅಪ್ಪ ರೂಪಾಯಿ ನಾಣ್ಯ ತೆಗೆದು ಬಿಗಿ ಮಾಡಿದ. ನನ್ನದನ್ನೂ ಮಾಡಿದ. ಆಚೆ ಕೂತಿದ್ದವರ ಅಪ್ಪಣೆ ಕೇಳಿ ಅವರದ್ದನ್ನೂ ಮಾಡಿದ. ನಾನು ಓದಿದವನು, ಊಟದ ಹಲಗೆಗೂ ರೆಕ್ಕೆಗೂ ಸಂಬಂಧವಿಲ್ಲವೆಂದು ಬಲ್ಲೆ. ಆದರೂ ದೆಹಲಿ ಬರುವವರೆಗೆ ಕಿಟಕಿಯಿಂದ ರೆಕ್ಕೆಯ ತಿರುಪುಗಳನ್ನು ಎಣಿಸಿದೆ. ಎರಡು ಸಲ ಎಣಿಸಿದಾಗ ಎರಡು ಬೇರೆ ಸಂಖ್ಯೆ ಬಂತು.

ಡಬ್ಬಿಯ ಮೇಲಿನ ತಾರೀಖು

ಬುಧವಾರ ಮುಂಜಾನೆ ತಂಗಿಯನ್ನು ತಯಾರು ಮಾಡಿ ಗಾಲಿಮಂಚದ ಮೇಲೆ ಮಲಗಿಸಿದ್ದರು. ಅಪ್ಪನ ಮುಂದೆ ಕಾಗದ ಇಟ್ಟರು. ಅಪ್ಪ ಪೆನ್ನು ಹಿಡಿದ, ಸಹಿ ಹಾಕಲಿಲ್ಲ.

"ಡಾಕ್ಟರ್ ಸಾಬ್," ನಮ್ಮ ಕಡೆಯ ಉರ್ದುವಿನಲ್ಲಿ ಕೇಳಿದ, "ಆ ಹೊಸಾ ಕವಾಟ ಎಲ್ಲಿ ಮಾಡಿದ್ದು?"

"ಫ್ಯಾಕ್ಟರಿಯಲ್ಲಿ."

"ತಪಾಸಣಿ ಯಾರು ಮಾಡ್ಯಾರ?"

ಡಾಕ್ಟರರು ತಾಳ್ಮೆಯವರು. ಒಳಗಿನಿಂದ ಡಬ್ಬಿಯನ್ನೇ ತರಿಸಿ ತೋರಿಸಿದರು. ಮೇಲೆ ತಪಾಸಣೆಯ ಮುದ್ರೆ, ತಯಾರಾದ ತಾರೀಖು. ಅಪ್ಪ ಮುದ್ರೆ ನೋಡಲಿಲ್ಲ, ತಾರೀಖು ನೋಡಿದ. ಡಬ್ಬಿಯನ್ನು ನನ್ನ ಕಡೆ ಹಿಡಿದ.

"ಅವತ್ತು ಯಾವ ವಾರ?"

"ಅಪ್ಪಾ, ಸಹಿ ಹಾಕೋ," ಮಂಚದ ಮೇಲಿಂದ ತಂಗಿ ಅಂದಳು. ಅವಳ ತುಟಿ ನೀಲಿಗಟ್ಟಿತ್ತು.

ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದೆ. ಗುರುವಾರ.

"ಸೋಮವಾರ," ಎಂದೆ.

ಅಪ್ಪ ಸಹಿ ಹಾಕಿದ.

ತಂಗಿ ಈಗ ಚೆನ್ನಾಗಿದ್ದಾಳೆ. ಗಂಡನೂ ರಜೆಯಲ್ಲಿ ಬಂದು ಹೋದ. ಸದ್ದಿಲ್ಲದ ಕೋಣೆಯಲ್ಲಿ ಅವಳ ಕವಾಟದ ಟಿಕ್ ಟಿಕ್ ಕೇಳಿಸುತ್ತದೆ. ಪ್ರತಿ ಸೋಮವಾರ ಅಪ್ಪ ಸುರಪುರದಿಂದ ಫೋನ್ ಮಾಡಿ, ಫೋನನ್ನು ಎದೆಯ ಮೇಲೆ ಇಡಲು ಹೇಳುತ್ತಾನೆ. ಕಣ್ಣು ಮುಚ್ಚಿ ಕೇಳುತ್ತಾನೆ. ಆಮೇಲೆ ಹಳೆಯ ರಿಜಿಸ್ಟರ್ ತೆಗೆದು ಸಹಿ ಹಾಕುತ್ತಾನೆ, ಏಳೂ ದಿನದ್ದು.

"ಇನ್ನಾದರೂ ದಿನಾ ಕೇಳಬಾರದೇ?" ಎಂದೆ.

"ಯಾಕ? ಸೋಮವಾರದ ಮಾಲು ಅದು. ನೀನ ಹೇಳಿದ್ಯಲ್ಲ."

ಹಾಗಾಗಿ ಗುರುವಾರ ನಾನು ಫೋನ್ ಮಾಡುತ್ತೇನೆ. ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದ ಗುರುವಾರವೂ ಮಾಡಿದ್ದೇನೆ.

ಹೋದ ವಾರ ತಂಗಿ ರೇಗಿದಳು. "ಸೋಮವಾರ ಅಪ್ಪ, ಗುರುವಾರ ನೀನು. ನಾ ಏನು ಬಸ್ಸೇನು?"

"ಮಾತಾಡಬ್ಯಾಡ," ಎಂದೆ. "ಫೋನ್ ಎದಿ ಮ್ಯಾಲ ಇಡು."