ದಬ್ಬೇಘಟ್ಟದ ಅಟ್ಟದ ಮೇಲೊಬ್ಬ ಸ್ತ್ರೀವಾದಿ

ತುರುವೇಕೆರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರು ಸ್ತ್ರೀವಾದಿಯಾದದ್ದು ಹೆಂಡತಿ ವಿಮಲಮ್ಮ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ. (ಇದ್ದಿದ್ದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.) ಮಗಳು ಸೌಂದರ್ಯ ಬರೆದ ಕಾದಂಬರಿಯನ್ನು ಕೂತಲ್ಲೇ ಓದಿ ಮುಗಿಸಿದ್ದರು. ಅದರಲ್ಲಿ ಅಗ್ನಿಶಿಖೆ ಎಂಬ ರಾಣಿ ಏಳು ತಲೆಯ ರಕ್ಕಸನನ್ನು ಯಾವ ಗಂಡಸಿನ ನೆರವೂ ಇಲ್ಲದೆ ಕೊಲ್ಲುತ್ತಾಳೆ.

ಆ ವಾರವೇ ಮಹಿಳಾ ಸಮಾಜದಲ್ಲಿ ‘ಖಡ್ಗಧಾರಿಣಿಯ ಅಸ್ಮಿತಾ ಮೀಮಾಂಸೆ’ ಕುರಿತು ಭಾಷಣ ಬಿಗಿದರು. “ಪುಸ್ತಕದಲ್ಲಿ ಗೆದ್ದ ಹೆಣ್ಣಿಗೆ ಸಿನಿಮಾದವರು ಅರೆಬರೆ ಬಟ್ಟೆ ತೊಡಿಸಿ, ಕೊನೆಗೆ ಹೀರೋ ಕೈಲಿ ಕಾಪಾಡಿಸ್ತಾರೆ. ಘೋರ ಅನ್ಯಾಯ” ಎಂದು ಮೇಜು ಗುದ್ದಿದರು. ಅಧ್ಯಕ್ಷೆ ನಿರ್ಮಲಾ, “ಹಂಗಾರೆ ನೀವೇ ಒಂದು ತೆಗೀರಿ ಸಾರ್, ವಾರ್ಷಿಕೋತ್ಸವಕ್ಕೆ ತೋರ್ಸಣ” ಎಂದುಬಿಟ್ಟರು.

ಮರುಳಪ್ಪನವರು ನಿರ್ದೇಶಕರಾದರು. ವಿಮಲಮ್ಮ ಅಗ್ನಿಶಿಖೆಯಾದರು. ಮೊಬೈಲು ಹಿಡಿಯುವ ಕೆಲಸ ಸೌಂದರ್ಯಳದು. ಅಪ್ಪ ಬರೆದ ಚಿತ್ರಕಥೆ ಓದಿ ಅವಳು ಹುಬ್ಬೇರಿಸಿದಳು.

“ಈ ವೀರಕೇಸರಿ ಯಾರಪ್ಪ? ನನ್ ಕಾದಂಬರೀಲಿ ಇಲ್ವಲ್ಲ?”

“ನಾನೇ ಕಣಮ್ಮ. ಕೊನೇಲಿ ಅಟ್ಟದಿಂದ ಧುಮುಕಿ ನಿಮ್ಮಮ್ಮನ್ನ ಕಾಪಾಡ್ತೀನಿ.”

“ಭಾಷಣದಲ್ಲಿ ಬೈದಿದ್ದು ಇದನ್ನೇ ಅಲ್ವಾ?”

“ಬೇರೆಯೋರು ಮಾಡಿದ್ರೆ ಅನ್ಯಾಯ. ತಿಳಿದೋನು ಮಾಡಿದ್ರೆ ಅದು ರೂಪಾಂತರ.”

ತಾವು ಧುಮುಕುವ ಸಂಗತಿಯನ್ನು ಅವರು ಆಗಲೇ ಕೊಬ್ಬರಿ ಮಂಡಿಯವರಿಗೆಲ್ಲ ಸಾರಿದ್ದರು. ತಿಪಟೂರಿನ ಬೀಗರೂ ನೋಡಲು ಬರುವವರಿದ್ದರು. ಈಗ ಹಿಂದೆಗೆದರೆ ಮಾನ ಉಳಿಯುತ್ತಿರಲಿಲ್ಲ.

ಕವಚ ಹೊಲಿಯಲು ಒಪ್ಪಿದವರು ಟೈಲರ್ ನಸೀಮ್ ಬಾನು. ಮರುಳಪ್ಪನವರು ಬರೆದುಕೊಟ್ಟ ಚಿತ್ರ ನೋಡಿ, “ಅಣ್ಣಾ, ಅಕ್ಕನ ಹೊಟ್ಟೆ ಹತ್ರ ಬಟ್ಟೆನೇ ಇಲ್ಲ. ಕತ್ತಿ ಬೀಳೋದೇ ಅಲ್ಲಿಗಲ್ವಾ?” ಎಂದರು.

“ಅದು ದೃಶ್ಯಭಾಷೆ ಕಣಮ್ಮ, ನಿನಗೆ ತಿಳಿಯಲ್ಲ.”

ನಸೀಮ್ ಬಾನು ವಿಮಲಮ್ಮನ ಮುಖ ನೋಡಿದರು. ವಿಮಲಮ್ಮ ನಸೀಮ್ ಬಾನು ಮುಖ ನೋಡಿದರು. ಚಿತ್ರೀಕರಣದ ದಿನ ವಿಮಲಮ್ಮನಿಗೆ ಕತ್ತಿನಿಂದ ಮೊಣಕಾಲವರೆಗೆ ಭದ್ರವಾದ ರೆಕ್ಸಿನ್ ಕವಚ ಬಂತು. ದೃಶ್ಯಭಾಷೆಯೆಲ್ಲ ವೀರಕೇಸರಿಯ ಪಾಲಿಗೆ ಬಂದಿತ್ತು. ಮೇಲೊಂದು ತುಂಡು, ಕೆಳಗೊಂದು ತುಂಡು, ನಡುವೆ ಮರುಳಪ್ಪನವರ ಐವತ್ತು ವರ್ಷದ ಸಮೃದ್ಧಿ.

“ಏನಮ್ಮ ಇದು?”

“ಹೀರೋಗಳಿಗೆ ಇನ್ನೂ ಚೆಂದ ಕಾಣತ್ತೆ ಅಣ್ಣಾ.”

ಬಿಚ್ಚಿ ಹೊಲಿಸಲು ಹೊತ್ತಿರಲಿಲ್ಲ. ದಬ್ಬೇಘಟ್ಟದ ತಮ್ಮ ತೋಟದ ಮನೆಯಲ್ಲಿ, ಕೊಬ್ಬರಿಯಾಗಲೆಂದು ಸಿಪ್ಪೆ ಸಮೇತ ಕಾಯಿ ಒಟ್ಟಿದ ಅಟ್ಟವನ್ನು ವೀರಕೇಸರಿ ಏರಿದರು. ಕೆಳಗೆ ತೆಂಗಿನ ಗರಿಯ ರಕ್ಕಸನ ಮುಂದೆ ವಿಮಲಮ್ಮ ಕತ್ತಿ ಹಿಡಿದು ನಿಂತಿದ್ದರು.

“ಅಂಜದಿರು ಸುಂದರೀ” ಎಂದು ಘರ್ಜಿಸಿ ಮರುಳಪ್ಪನವರು ಹೆಜ್ಜೆ ಇಟ್ಟರು. ಕಾಯಿರಾಶಿ ಉರುಳಿತು. ಗಾಳಿಯಾಡಲೆಂದು ಸಂದು ಬಿಟ್ಟ ಅಟ್ಟದ ಹಲಗೆಗಳ ನಡುವೆ ಒಂದು ಕಾಲು ಸೊಂಟದವರೆಗೆ ಇಳಿದು, ಕೆಳಗಿನ ಲೋಕಕ್ಕೆ ಅನಾಥವಾಗಿ ಜೋತುಬಿತ್ತು.

“ಅಯ್ಯಯ್ಯೋ, ವಿಮ್ಲಾ, ಬಾರೇ, ಸತ್ತೆ ಕಣೇ!”

“ಒದ್ದಾಡ್‌ಬ್ಯಾಡಿ ಕಣ್ರೀ. ಒಂದು ಕಾಯಿ ಬಿದ್ದು ಬಿರುಕು ಬಿಟ್ರೂ ಒಳಗೆ ಕೊಳೆತು ಹೋಗ್ತದೆ, ಕೊಬ್ರಿ ಆಗಲ್ಲ.”

“ನಾನ್ ಬೀಳ್ತಾ ಇದೀನಿ!”

“ನಿಮ್ಮನ್ನ ಯಾರು ಮಂಡೀಲಿ ಮಾರ್ಬೇಕು, ಬುಡಿ.”

ವಿಮಲಮ್ಮ ದಾರಿಗಡ್ಡವಾಗಿದ್ದ ರಕ್ಕಸನನ್ನು ಒದ್ದು ಕೆಡವಿ, ಏಣಿ ಹಾಕಿ ಹತ್ತಿ, ಗಂಡನ ಕಾಲು ಬಿಡಿಸಿ, ಹೆಗಲ ಮೇಲೆ ಹೇರಿಕೊಂಡು ಇಳಿದರು. ಸೌಂದರ್ಯ ಮೊಬೈಲು ಆಫ್ ಮಾಡಿರಲಿಲ್ಲ. ಕ್ಲೈಮ್ಯಾಕ್ಸ್ ಇದೇ ಇರಲಿ ಎಂದಳು. ಮತ್ತೊಮ್ಮೆ ಹತ್ತಲು ಮರುಳಪ್ಪನವರ ಸೊಂಟ ಒಪ್ಪಲಿಲ್ಲ.

ವಾರ್ಷಿಕೋತ್ಸವದಲ್ಲಿ ಶಿಳ್ಳೆಯೋ ಶಿಳ್ಳೆ. ಬೀಗರು ಕಣ್ಣೊರೆಸಿಕೊಂಡರು, ನಕ್ಕು ನಕ್ಕು. ಮರುಳಪ್ಪನವರು ಮೈಕು ಹಿಡಿದು, “ಗಂಡಿನ ಅಹಮಿಕೆಯನ್ನು ಹಲಗೆಸಂದಿಗೆ ಇಳಿಸಿದ್ದು ನನ್ನ ಪೂರ್ವಯೋಜಿತ ಸ್ತ್ರೀವಾದಿ ಓದು” ಎಂದುಬಿಟ್ಟರು. ಸಭೆ ತಲೆದೂಗಿತು. ಅವರ ಎದೆ ಉಬ್ಬಿತು.

ಆಗ ನಿರ್ಮಲಾ ಬಹುಮಾನ ಘೋಷಿಸಿದರು. “ಉತ್ತಮ ನಾಯಕ, ವಿಮಲಮ್ಮ. ಕಿರುಚಿದೋರು, ಇನ್ನೊಬ್ಬರ ಹೆಗಲ ಮೇಲೆ ಇಳಿದೋರು ಯಾರೋ ಅವರೇ ನಾಯಕಿ ಅಂತ ತೀರ್ಪುಗಾರರ ಅಭಿಪ್ರಾಯ. ಉತ್ತಮ ನಾಯಕಿ, ಮರುಳಪ್ಪನವರು.”

ನಾಯಕಿಗೆಂದು ಸಿದ್ಧವಾಗಿದ್ದ ಮಡಿಲಕ್ಕಿ ವೇದಿಕೆಗೆ ಬಂತು. ಮರುಳಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ವಿಮಲಮ್ಮ ಗಂಡನ ಶಲ್ಯದ ಎರಡು ತುದಿ ಹಿಡಿದು ಅವರ ಕೈಗಿತ್ತು ಪಿಸುಗುಟ್ಟಿದರು.

“ಒಡ್ಡಿ ಕಣ್ರೀ. ಬೀಗರು ನೋಡ್ತಾವ್ರೆ, ಬ್ಯಾಡ ಅನ್ನಬಾರದು.”