ಮುಂದಕ್ಕೆ ಒಂದೇ ಗೇರು

ಆಗಲ್ಲ ಅಂತ ಮೊದಲು ಹೇಳಿದವರು ನಮ್ಮಪ್ಪ. ಆಮೇಲೆ ನರಸೀಪುರದ ವೆಲ್ಡಿಂಗ್ ಅಂಗಡಿಯವನು ಹೇಳಿದ. ಚಿಕ್ಕಮ್ಮ ದಿನಾ ಕಾಫಿ ಕೊಡುವಾಗ ಲೋಟದ ಜೊತೆಗೇ ಹೇಳುತ್ತಿದ್ದಳು. ಕೊನೆಗೆ ನಾನೂ ಹೇಳಿದೆ. ನಾನು ಸುಮ್ಮನೆ ಹೇಳುವವನಲ್ಲ ಕಣ್ರೀ! ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬಸ್ಸಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಕಾಲೇಜಿಗೆ ಹೋಗಿ ಪಾಸಾದವನು. ಆ ಹಕ್ಕಿನಿಂದಲೇ "ಇಂಪಾಸಿಬಲ್ ಚಿಕ್ಕಪ್ಪ" ಅಂದೆ.

"ಅಂಗಂದ್ರೇನ್ಲಾ?"

"ಆಗಲ್ಲ ಅಂತ."

"ಅದ ನಿಮ್ಮಪ್ಪ ಪುಕ್ಸಟ್ಟೆ ಯೋಳ್ದ. ಅಷ್ಟಕ್ಕೆ ಡಿಗ್ರಿ ಬೇಕಿತ್ತಾ?"

ನಮ್ಮ ಚಿಕ್ಕಪ್ಪ ಎಂದರೆ, ಗುಜರಿ ಅಂಗಡಿ ಮುಂದೆ ಬಸ್ಸು ಒಂಚೂರು ನಿಧಾನವಾದರೂ ಇಳಿದುಬಿಡುವ ಆಸಾಮಿ. ಅವರಿಗೆ ಬೇಕಿದ್ದದ್ದು ಹಳೇ ಕಾಲದ ಮಿಲಿಟರಿ ಲಾರಿ. ತೀರಿಹೋದ ನಮ್ಮ ತಾತ ಸೈನ್ಯದಲ್ಲಿ ಓಡಿಸುತ್ತಿದ್ದಂಥದ್ದು. ಅದು ಈಗ ಎಲ್ಲಿ ಸಿಗುತ್ತೆ? ಸರಿ, ಅದರಂಥದ್ದೇ ಒಂದನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಲು ಶುರುಮಾಡಿದರು. ಎಂಜಿನ್ನು ಕೆಟ್ಟುನಿಂತ ಟೆಂಪೋದ್ದು, ಸ್ಟೀರಿಂಗು ಯಾವುದೋ ಬಸ್ಸಿಂದು, ಮೇಲಿನ ಹೊದಿಕೆ ಬದನವಾಳಿನ ಖಾದಿ, ಹಸಿರು ಬಣ್ಣದಲ್ಲಿ ಅದ್ದಿದ್ದು. ಹೆಡ್‌ಲೈಟಿಗೆ ಜಾಲರಿ ಬಂದ ದಿನ ಅಡುಗೆಮನೆಯಲ್ಲಿ ಎರಡು ಜರಡಿ ಮಾಯ!

"ರಾಗಿಹಿಟ್ಟ ಯಾವುದ್ರಲ್ಲಿ ಜರಡಿ ಹಿಡೀಲಿ? ಈ ಲಾರಿ ಮಕದಲ್ಲಾ?" ಅಂತ ಚಿಕ್ಕಮ್ಮ ಬೀದಿಗೆ ಕೇಳುವಂತೆ ಕೂಗಿದಳು.

ನಕ್ಷೆ ಅಂತ ಇದ್ದದ್ದು ಒಂದೇ ಫೋಟೋ. ಅದರಲ್ಲಿ ತಾತ ಲಾರಿಯ ಎಡಗಡೆ ಬಾಗಿಲಿಗೆ ಅಡ್ಡಲಾಗಿ ಎದೆಯುಬ್ಬಿಸಿ ನಿಂತಿದ್ದಾರೆ. ಹಾಗಾಗಿ ನಮ್ಮ ಲಾರಿಗೆ ಎಡಗಡೆ ಬಾಗಿಲೇ ಇಲ್ಲ! ಯಾಕೆ ಅಂತ ಕೇಳಿದರೆ ಚಿಕ್ಕಪ್ಪನ ಉತ್ತರ, "ಅಪ್ಪ ಅಲ್ಲಿ ನಿಂತವ್ರೆ. ಇಂದ್ಗಡೆ ಏನಿತ್ತೋ ಯಾರ್ ಕಂಡೋರು? ಸುಳ್ ಬಾಗ್ಲು ನಾ ಮಾಡಲ್ಲ."

ಅಷ್ಟರಲ್ಲಿ ನಂಜನಗೂಡಿನಲ್ಲಿ ಹಳೇ ವಾಹನಗಳ ಪ್ರದರ್ಶನ ನಡೆಯುತ್ತೆ ಅಂತ ಗೊತ್ತಾಯಿತು. ನಕಲು ಗಾಡಿಗೂ ಸರ್ಟಿಫಿಕೇಟ್ ಉಂಟು; ಆದರೆ ಭಾನುವಾರ ಹತ್ತು ಗಂಟೆಯೊಳಗೆ, ಯಾರಿಂದಲೂ ಎಳೆಸಿಕೊಳ್ಳದೆ ಮೈದಾನ ಸೇರಬೇಕು. ಅಪ್ಪ ತಮ್ಮದೂ ಒಂದು ಷರತ್ತು ಸೇರಿಸಿದರು.

"ಸರ್ಟಿಫಿಕೇಟ್ ತಂದ್ರೆ ಕೊಟ್ಟಿಗೇಲೇ ಇಟ್ಕ. ಇಲ್ದಿದ್ರೆ ಸೋಮವಾರ ಗುಜರಿಯೋನು ಬಂದು ತುಂಡ್ ಮಾಡ್ಕೊಂಡು ಓಯ್ತಾನೆ. ಹಸ ಬಿಸ್ಲಲ್ಲಿ ಒಣಗ್ತಾವೆ ಕಣೋ!"

ಒಂದಕ್ಕೆ ಹತ್ತು ಮಾತಾಡುವ ಚಿಕ್ಕಪ್ಪ "ಊಂ" ಅಂದರು, ಅಷ್ಟೆ. ನನಗೆ ಭಯವಾಗಿದ್ದು ಆಗ.

ಭಾನುವಾರ ಇನ್ನೂ ಬೆಳಕು ಹರಿಯುತ್ತಿತ್ತು. ಅಜ್ಜಿಯನ್ನು ಮುಂದಿನ ಸೀಟಿಗೆ ಹತ್ತಿಸಿ, ಬಾಗಿಲಿಲ್ಲವಲ್ಲ, ಬೀಳದಂತೆ ಹಳೇ ಸೀರೆಯಿಂದ ಕಟ್ಟಿದೆವು. ತಾತನ ಲಾರಿ ಒಂದೆರಡು ಸಲ ನಮ್ಮೂರ ರಸ್ತೆಯಲ್ಲೇ ಹಾದುಹೋಗಿತ್ತಂತೆ. ಅಜ್ಜಿ ಹತ್ತುತ್ತೀನಿ ಅಂದಾಗಲೆಲ್ಲ ತಾತ "ರೂಲ್ಸ್ ಇಲ್ಲ" ಅಂದಿದ್ದರಂತೆ. ಈಗ ಯಾರ ರೂಲ್ಸು?

ಲಾರಿಗೆ ಅವತ್ತೇ ಮೊದಲ ಓಡಾಟ. ಚಿಕ್ಕಪ್ಪ ಫಸ್ಟ್ ಗೇರು ಹಾಕಿದರು. ಲಾರಿ ಹಿಂದಕ್ಕೆ ಚಿಮ್ಮಿ ತಿಪ್ಪೆಗೆ ನುಗ್ಗಿತು! ಸೆಕೆಂಡ್ ಹಾಕಿದರೆ ತಿಪ್ಪೆಯೊಳಗೆ ಇನ್ನೂ ಆಳ! ಆಮೇಲೆ ತಿಳಿಯಿತು: ಮಿಲಿಟರಿ ಲಾರಿ ಅಂದಮೇಲೆ ಎತ್ತರ ಇರಲಿ ಅಂತ ಹಿಂದಿನ ಆಕ್ಸಲ್ಲನ್ನು ತಲೆಕೆಳಗು ಮಾಡಿ ಕೂರಿಸಿದ್ದರು. ಹಾಗಾಗಿ ಚಕ್ರ ಉಲ್ಟಾ ತಿರುಗುತ್ತಿತ್ತು. ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಹೋಗಲು ರಿವರ್ಸ್ ಒಂದೇ!

ಬಿಚ್ಚಿ ಸರಿಮಾಡಲು ಹೊತ್ತೆಲ್ಲಿ? ಚಿಕ್ಕಪ್ಪ ರಿವರ್ಸ್ ಹಾಕಿದರು. ಲಾರಿ ಕಿರುಚುತ್ತಾ ಮುಂದಕ್ಕೆ ತೆವಳಿತು. ಆ ಗೇರೋ, ಕೈಬಿಟ್ಟರೆ ಜಾರಿ ಬೀಳುತ್ತಿತ್ತು. ಚಿಕ್ಕಪ್ಪ, ಅಜ್ಜಿ ಇಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ ನನಗೆ ಬಂತು.

"ಡಿಗ್ರಿ ಓದಿರೋನೆ, ಗಟ್ಟಿಯಾಗಿ ಇಡ್ಕಳ್ಲಾ!"

ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿದರು. ಎಂಜಿನ್ ಕುದಿದು ನಿಂತಿತು. ನಾಲೆಯಿಂದ ಬಿಂದಿಗೆಯಲ್ಲಿ ನೀರು ತಂದು ಹುಯ್ದೆವು. ಮತ್ತೆ ಕುದಿಯಿತು, ಮತ್ತೆ ನಾಲೆ. ಬಿಸಿಲೇರಿತು. ಒಂದು ಎತ್ತಿನಗಾಡಿಯವನು ಪಕ್ಕಕ್ಕೆ ಬಂದು, "ಸಾ, ಅಗ್ಗ ಕಟ್ಟಿ ಎಳ್ಕೊಂಡೋಗ್ಲಾ? ಯಾರ್ಗೂ ಯೋಳಲ್ಲ" ಅಂದ. ಗಡಿಯಾರ ನೋಡಿದೆ. ಒಂಬತ್ತಾಗುತ್ತಿತ್ತು. ನಿಜ ಹೇಳುತ್ತೀನಿ, ನಾನಾಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಚಿಕ್ಕಪ್ಪನ ತುಟಿ ಒಣಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ನಿನ್ನ ಎತ್ಗೋಳಿನ್ನೂ ಮಿಲ್ಟ್ರಿಗೆ ಸೇರಿಲ್ಲ ಕಣ್ಲಾ, ನಡಿ!"

ನಂಜನಗೂಡಿನೊಳಗೆ ನುಗ್ಗುವ ಹೊತ್ತಿಗೆ ಬಾನೆಟ್ಟಿನಿಂದ ಹೊಗೆ. ನನ್ನ ಅಂಗೈಯಲ್ಲಿ ಬೊಬ್ಬೆ. ಅಜ್ಜಿ ಮಾತ್ರ ಮೆರವಣಿಗೆ ಹೊರಟವಳಂತೆ ರಸ್ತೆಯ ಎರಡೂ ಬದಿ ನೋಡುತ್ತಿದ್ದಳು. ಬಸ್ಸಿನಲ್ಲಿ ಮುಂಚೆಯೇ ಬಂದಿದ್ದ ಅಪ್ಪ ಮೈದಾನದ ಗೇಟಿನಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ನಮ್ಮನ್ನು ಕಂಡಿದ್ದೇ ಗೇಟಿಗೆ ಅಡ್ಡ ನಿಂತಿದ್ದವರನ್ನೆಲ್ಲ ಗದರಿ ಸರಿಸತೊಡಗಿದರು! ಆಗಲ್ಲ ಅಂದವರು ಇವರೇನಾ?

ಹತ್ತಕ್ಕೆ ಇನ್ನೇನು ನಾಲ್ಕು ಉಸಿರಿರುವಾಗ ಒಳಗೆ ಬಂದೆವು. ತೀರ್ಪುಗಾರರು, "ಸ್ವಲ್ಪ ರಿವರ್ಸ್ ತಗೊಂಡು ಸಾಲಿಗೆ ನಿಲ್ಸಿ" ಅಂದರು. ಅಯ್ಯೋ ಪಾಪ, ರಿವರ್ಸಿನಲ್ಲಿ ನಮ್ಮನ್ನು ಮೀರಿಸುವವರು ಈ ಸೀಮೆಯಲ್ಲೇ ಇರಲಿಲ್ಲ! ಚಿಕ್ಕಪ್ಪ ಫಸ್ಟ್ ಗೇರು ಹಾಕಿದ್ದೇ ಲಾರಿ ಹಿಂದಕ್ಕೆ ಚಿಮ್ಮಿತು, ತೀರ್ಪುಗಾರರು ಹಾರಿ ಶಾಮಿಯಾನದೊಳಗೆ ಬಿದ್ದರು.

ಆದರೂ ಕೊಟ್ಟರು. ಚಿಕ್ಕಪ್ಪ ಗ್ರೀಸ್ ಕೈಯನ್ನು ಪಂಚೆಗೆ ಒರೆಸಿಕೊಂಡು ಸರ್ಟಿಫಿಕೇಟ್ ತೆಗೆದುಕೊಂಡರು. ನಮ್ಮ ಮನೆಗೆ ಬಂದ ಎರಡನೆಯ ಸರ್ಟಿಫಿಕೇಟು, ಮೊದಲನೆಯದು ನನ್ನದು. ಅಪ್ಪ ಎತ್ತಲೋ ನೋಡುತ್ತಾ, "ಗುಜರಿಯೋನ್ಗೆ ಬರ್ಬೇಡ ಅಂತ ಫೋನ್ ಮಾಡು ಕಣ್ಲಾ" ಅಂತ ನನಗೆ ಹೇಳಿ, ಅಜ್ಜಿಗೆ ಕಟ್ಟಿದ್ದ ಸೀರೆಯ ಗಂಟು ಬಿಚ್ಚಲು ಹೋದರು. ಅಜ್ಜಿ ಬಿಡಲಿಲ್ಲ. ಇಳಿಯುವ ಮನಸ್ಸೇ ಅವಳಿಗಿರಲಿಲ್ಲ. ಚಿಕ್ಕಪ್ಪ ಬಂದು ಸರ್ಟಿಫಿಕೇಟನ್ನು ಅವಳ ಮಡಿಲಲ್ಲಿಟ್ಟು, ತಲೆ ತಗ್ಗಿಸಿ ಕೇಳಿದರು: "ಬೋ ನಿಧಾನ ಆಯ್ತೇನವ್ವಾ?"

ಅಜ್ಜಿ ಸರ್ಟಿಫಿಕೇಟಿನ ಮೇಲೆ ಕೈಯಾಡಿಸಿದಳು.

"ನಿಮ್ಮಪ್ಪನ್ ಲಾರಿ ಬೋ ಜೋರಾಗಿ ಓಯ್ತಿತ್ತು ಕಣ್ಲಾ. ಆದ್ರೆ ನನ್ನ ಬುಟ್ಟು ಓಯ್ತಿತ್ತು."