ಕಿಣ್ವ ಬೇರೆ, ಗಿಣ್ಣ ಬೇರೆ ಎಂಬ ಬಗ್ಗೆ

ಭೂಮಿ ಚೇತರಿಕೆ ಕಚೇರಿ, ಲಿಂಗಸುಗೂರು
ಸಂಖ್ಯೆ: ಭೂಚೇ/ಮಣ್ಣು/ಗಿಣ್ಣ/1992-93
ದಿನಾಂಕ: 20-11-1992

ಸುತ್ತೋಲೆ

ವಿಷಯ: ಗಣಿಯ ಕಸಮಣ್ಣು ಬಿದ್ದ ಆದಮ್ಮನವರ ಹೊಲಕ್ಕೆ ಜೀವ ಬಂದಿದೆಯೋ ಇಲ್ಲವೋ ಎಂಬ ಕುರಿತು.
ಉಲ್ಲೇಖ: 1. ಈ ಕಚೇರಿಯ ಮೈಕಿನ ಪ್ರಕಟಣೆ. 2. ಸದರಿಯವರ ಎಮ್ಮೆ ಈದದ್ದು.

ಕಸಮಣ್ಣು ಸುರಿಯಲು ಗಣಿಯವರು ಪಡೆದಿದ್ದ ಮಸ್ಕಿ ದಾರಿಯ ಹೊಲವನ್ನು, ಮಣ್ಣಿನಲ್ಲಿ ಕಿಣ್ವದ ಚಟುವಟಿಕೆ ಕಂಡ ಕೂಡಲೇ ಆದಮ್ಮನವರಿಗೆ ಮರಳಿಸಲಾಗುವುದೆಂದು ಮೈಕಿನಲ್ಲಿ ಸಾರಲಾಗಿತ್ತು. ಕಿಣ್ವವೆಂದರೆ ಮಣ್ಣೊಳಗಿನ ಕಣ್ಣಿಗೆ ಕಾಣದ ಜೀವಗಳು ಕಸಕಡ್ಡಿ ಅರಗಿಸಲು ಬಿಡುವ ರಸ. ಔಷಧ ಹಾಕಿದಾಗ ಮಣ್ಣು ಕೆಂಪಗಾದರೆ ನೆಲಕ್ಕೆ ಜೀವ ಬಂತೆಂದು ಅರ್ಥ. ಮೈಕು ಗೊರಗೊರ ಎನ್ನುತ್ತಿದ್ದುದರಿಂದ ಆದಮ್ಮನವರ ಕಿವಿಗೆ ಅದು ಗಿಣ್ಣ ಎಂದು ಬಿದ್ದಿರುತ್ತದೆ. ಆ ವಾರವೇ ಎಮ್ಮೆ ಈದಿದೆ. ಮೊಮ್ಮಕ್ಕಳು ಬೆಲ್ಲ ಕುಟ್ಟಿಕೊಂಡು ಕುಳಿತಿದ್ದರೂ ಲಕ್ಷ್ಯಕ್ಕೆ ತಾರದೆ, ಗಿಣ್ಣ ಕಾಸುವ ಆ ಮೊದಲ ಹಾಲನ್ನೆಲ್ಲ ಸದರಿಯವರು ಹಿತ್ತಾಳೆ ತಂಬಿಗೆಯಲ್ಲಿ ಒಯ್ದು ಹೊಲಕ್ಕೆ ಹೊಯ್ದಿದ್ದಾರೆ. ಆಮೇಲೆ ಔಷಧ ಹಾಕಿ ನೋಡಿದಾಗ ಮಣ್ಣು ಕೆಂಪಗಾಗಿದೆ. ಹೊಲ ಚೇತರಿಸಿತೆಂದು ರಾಯಚೂರಿಗೆ ವರದಿ ಹೋಗಿ, ಅಲ್ಲಿಂದ ಶಾಬಾಸ್ ಎಂದೂ ಬಂದಿದೆ. ಆಮೇಲೆ ಗಿಣ್ಣದ ಸಂಗತಿ ಬಯಲಾಗಿ ತಂಬಿಗೆಯನ್ನು ಜಪ್ತು ಮಾಡಲಾಗಿದೆ.

ಆದಮ್ಮನವರ ಹೇಳಿಕೆ, ಇದ್ದಂತೆಯೇ: "ನೆಲಕ್ಕ ಗಿಣ್ಣ ಬೇಕಂತ ನೀವ ಒದರಿದ್ರಿ. ಮೊಮ್ಮಕ್ಕಳ ಬಾಯಾಗಿಂದು ಕಸಗೊಂಡು ಹೊಯ್ದೀನಿ. ಈಗ ಅದಲ್ಲ ಇದು ಅಂದ್ರ ಎಮ್ಮಿ ಮತ್ತೊಮ್ಮೆ ಈಯತೈತೇನ್ರಿ ಸಾಹೇಬ್ರ?"

ಪ್ರಯುಕ್ತ ಎಲ್ಲ ಸಿಬ್ಬಂದಿಗೆ ಅಪ್ಪಣೆಯಾಗಿರುವುದೇನೆಂದರೆ:

1. ಮೈಕಿನಲ್ಲಿ ಕಿಣ್ವ ಎಂದ ಪ್ರತಿ ಸಲವೂ "ಬೆಲ್ಲ ಹಾಕಿ ತಿನ್ನುವುದಲ್ಲ" ಎಂದು ಸೇರಿಸತಕ್ಕದ್ದು.

2. ಎಲೆಅಡಿಕೆ ಹಾಕಿಕೊಂಡವರು ಪರೀಕ್ಷೆಯ ಕೋಣೆಯಲ್ಲಿ ಬಾಯಿ ತೆರೆಯತಕ್ಕದ್ದಲ್ಲ. ಜವಾನ ಬಸ್ಸಪ್ಪನವರು ಸೀನಿದ ಬಳಿಕ ಕಚೇರಿಯ ಗೋಡೆಗೂ ಜೀವ ಬಂದಿದೆ ಎಂದು ದಾಖಲಾಗಿದ್ದನ್ನು ರದ್ದುಪಡಿಸಲಾಗಿದೆ.

3. ಮಣ್ಣನ್ನು ಸಿಂಧನೂರು ಬಸ್ಸಿನಲ್ಲಿ ಪರೀಕ್ಷೆಗೆ ಒಯ್ಯುವಾಗ, ಸತ್ತ ಮಣ್ಣಾದರೆ ಲಗೇಜು, ಜೀವವಿದ್ದರೆ ಅರ್ಧ ಟಿಕೆಟ್. ಯಾವುದೆಂದು ಕಂಡಕ್ಟರರು ಕೇಳಿದಲ್ಲಿ, ಅದನ್ನೇ ತಿಳಿಯಲು ಹೊರಟಿರುವುದಾಗಿ ನಮ್ರತೆಯಿಂದ ಹೇಳತಕ್ಕದ್ದು.

4. ಮರುಪರೀಕ್ಷೆಗೆಂದು ಬಳಗಾನೂರಿನಿಂದ ತರಿಸಿದ ಗಿಣ್ಣವು ಹೊಲ ಮುಟ್ಟದೆ ಕಚೇರಿಯಲ್ಲೇ ಮುಗಿದಿರುತ್ತದೆ. ಸಿಬ್ಬಂದಿಗೆ ಜೀವ ಬಂದಿರುವುದು ನಿಜ. ಅದನ್ನು ಹೊಲದ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.

5. ಆದಮ್ಮನವರು ಅಪ್ಪಣೆಯಿಲ್ಲದೆ ಬಿತ್ತಿದ ಜೋಳವು ಅಪ್ಪಣೆಯಿಲ್ಲದೆಯೇ ಮೊಳೆತಿದೆ. ಮುಂದಿನ ಆದೇಶದವರೆಗೆ ಅದು ಮೊಳಕಾಲಿಗಿಂತ ಮೇಲೆ ಬೆಳೆಯಕೂಡದೆಂದು ಬದುವಿನ ಮೇಲೆ ನಿಂತು ನೋಟೀಸು ಓದಲಾಗಿದೆ. ಜೋಳವು ಉತ್ತರಿಸಿಲ್ಲ. ಸದ್ಯ ಸೊಂಟದವರೆಗೆ ಬಂದಿದೆ.

6. ತಂಬಿಗೆಯು ಯಾವ ಫೈಲಿನಲ್ಲೂ ಹಿಡಿಯುತ್ತಿಲ್ಲ. ಸದರಿಯವರು ದಿನಾಲೂ ಬಂದು ಮೆಟ್ಟಿಲ ಮೇಲೆ ಕುಳಿತು, "ಹೊಲ ಕೊಡದಿದ್ರ ತಂಬಿಗಿನಾರ ಕೊಡ್ರಿ. ಆದ್ರ ಖಾಲಿ ಕೊಡಬ್ಯಾಡ್ರಿ, ಹಾಲು ತಂದ ತಂಬಿಗಿ ಖಾಲಿ ಕೊಟ್ರ ಕೊಟ್ಟವರ ಮನಿಗೆ ಚಲೋ ಅಲ್ಲ" ಎನ್ನುತ್ತಿರುವುದನ್ನು ಕಚೇರಿಯು ಗಂಭೀರವಾಗಿ ಪರಿಗಣಿಸಿದೆ. ಏಕೆಂದರೆ ಅಧಿಕಾರಿಗಳಿಗೂ ಮನೆ ಇದೆ.

ಸಹಿ/-
ಭೂಮಿ ಚೇತರಿಕೆ ಅಧಿಕಾರಿ

ಪ್ರತಿಗಳು:
1. ಮೈಕಿನ ಅಂಗಡಿಯ ಲಾಲ್‌ಬೀ, ಮಸ್ಕಿ: ಗೊರಗೊರ ರಿಪೇರಿಗಾಗಿ.
2. ಬಸ್ಸಪ್ಪ, ಜವಾನ: ಗೋಡೆ ತೊಳೆಯಲು.
3. ಆದಮ್ಮನವರು: ತಂಬಿಗೆ ಸಮೇತ. ಖಾಲಿ ಕೊಡಬಾರದೆಂಬ ಕಾರಣಕ್ಕೆ, ಹೊಲ ಬಿಟ್ಟುಕೊಟ್ಟ ಆದೇಶವನ್ನು ಸುರುಳಿ ಸುತ್ತಿ ಒಳಗೆ ಇಡಲಾಗಿದೆ.